ವಹಾಕದಲ್ಲಿ ಐದು ದಿನ: ಸುಣ್ಣದ ರೊಟ್ಟಿ, ಹುಳದ ಕೆಂಪು, ಒಂದು ಜಮಖಾನೆ

ಲಾಳಿಮನೆ · ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಾನು, ನಮ್ಮನೆಯವರು ಮೆಕ್ಸಿಕೊದ ವಹಾಕಕ್ಕೆ ಹೋಗಿ ಬಂದೆವು. ಮದುವೆಯಾಗಿ ಹತ್ತು ವರ್ಷ ಆಯ್ತು. ಊರಿಂದ ಅತ್ತೆ-ಮಾವ ಬಂದಿದ್ದರು, ಮಗನನ್ನು ಅವರ ಹತ್ತಿರ ಬಿಟ್ಟು ಇಬ್ಬರೇ ಹೊರಟೆವು. ನಾವಿರುವ ಹ್ಯೂಸ್ಟನ್‌ನಿಂದ ನೇರ ವಿಮಾನ ಇದೆ. ಕನ್ನಡದಲ್ಲಿ ಈ ಊರಿನ ಬಗ್ಗೆ ಹುಡುಕಿದಾಗ ಏನೂ ಸಿಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಊರು ಸುಮಾರು 1,550 ಮೀಟರ್ ಎತ್ತರದಲ್ಲಿದೆ, ಬೆಂಗಳೂರಿಗಿಂತ ಜಾಸ್ತಿ. ಬೆಳಿಗ್ಗೆ ಶಾಲು ಬೇಕು, ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ. ಹಳೇ ಊರು ಮತ್ತು ಪಕ್ಕದ ಮೊಂತೆ ಅಲ್ಬಾನ್ ಗುಡ್ಡದ ಅವಶೇಷಗಳು 1987ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ಗುಡ್ಡಕ್ಕೆ ಒಂದು ಬೆಳಿಗ್ಗೆ ಕೊಟ್ಟೆವು. ಉಳಿದ ಹೊತ್ತೆಲ್ಲ ಸಂತೆ, ಅಡುಗೆಮನೆ, ಮಗ್ಗ.

ಮೊದಲ ದಿನವೇ ಊರೊಳಗಿನ ‘20 ನವೆಂಬರ್’ ಮಾರುಕಟ್ಟೆಗೆ ಹೋದೆವು. ಒಂದು ಓಣಿಯ ತುಂಬ ಇದ್ದಿಲ ಒಲೆ, ಅದರ ಮೇಲೆ ಮಾಂಸ ಸುಡುತ್ತಾರೆ. ‘ಹೊಗೆಯ ಓಣಿ’ ಅಂತಲೇ ಅದಕ್ಕೆ ಹೆಸರು. ನಾನು ಮಾಂಸ ತಿನ್ನುವುದಿಲ್ಲ, ನಮ್ಮನೆಯವರು ತಿನ್ನುತ್ತಾರೆ. ಅವರು ಅಲ್ಲಿ ಕೂತರು, ನಾನು ಆಚೆ ಹೋಗಿ ಚಾಕೊಲೇಟ್ ಹಿಡಿದೆ. ಚಾಕೊಲೇಟ್ ಅಂದರೆ ಅಲ್ಲಿ ಕುಡಿಯುವುದು. ಪಕ್ಕದ ಮಿನಾ ಬೀದಿಯ ಗಿರಣಿಗಳಲ್ಲಿ ಹುರಿದ ಕೋಕೊ ಬೀಜ, ಬಾದಾಮಿ, ಚಕ್ಕೆ, ಸಕ್ಕರೆ ನಾವು ಹೇಳಿದ ಅಳತೆಗೆ ಹಾಕಿ ಕಣ್ಣೆದುರೇ ಬೀಸಿಕೊಡುತ್ತಾರೆ. ಬಿಸಿ ನೀರಿಗೋ ಹಾಲಿಗೋ ಹಾಕಿ ಕಡೆಯಬೇಕು. ಕಡೆಯಲು ಒಂದು ಮರದ ಕೋಲು. ಅದನ್ನು ನೋಡಿ ನಿಂತುಬಿಟ್ಟೆ, ಅದು ಕಡಗೋಲೇ! ಎರಡೂ ಅಂಗೈ ನಡುವೆ ಹಿಡಿದು ಗರಗರ ತಿರುಗಿಸಿದರೆ ನೊರೆ ಏಳುತ್ತದೆ. ಜೊತೆಗೆ ಮೊಟ್ಟೆ ಹಾಕಿದ ಮೆತ್ತನೆ ಬ್ರೆಡ್ ಕೊಡುತ್ತಾರೆ, ಅದ್ದಿಕೊಂಡು ತಿನ್ನಲು.

ಇನ್ನೊಂದು ತೆಹಾತೆ. ಇದನ್ನು ಮರೆಯಬೇಡಿ. ಮೆಕ್ಕೆಜೋಳ, ಕೋಕೊ, ಮಾಮೆ ಹಣ್ಣಿನ ಬೀಜ ಮತ್ತು ಒಂದು ಘಮದ ಹೂವನ್ನು ನುಣ್ಣಗೆ ಅರೆದು, ದೊಡ್ಡ ಮಣ್ಣಿನ ಬಾನಿಯಲ್ಲಿ ನೀರು ಬೆರೆಸುತ್ತಾರೆ. ಹೆಂಗಸರು ಮೊಣಕೈವರೆಗೆ ಕೈ ಇಳಿಸಿ ಕಲಸುತ್ತಾ ಇರುತ್ತಾರೆ. ಮೇಲೆ ಬಿಳಿ ಕೆನೆ ಕಟ್ಟುತ್ತದೆ. ಬಣ್ಣ ಬಳಿದ, ಒಣಗಿದ ಕಾಯಿಯ ಬುರುಡೆ ಬಟ್ಟಲಲ್ಲಿ ತಣ್ಣಗೆ ಕೊಡುತ್ತಾರೆ. ರಾಗಿ ಅಂಬಲಿ ಕುಡಿದು ಬೆಳೆದವರಿಗೆ ಮೊದಲ ಗುಟುಕಿಗೇ ಹಿಡಿಸುತ್ತದೆ.

ಮಗ್ಗದ ಊರಿನ ಕಥೆ ನಾಳೆ ಬರೆಯುತ್ತೇನೆ. ಅದು ದೊಡ್ಡದು.

ಶಿರಸಿ ಮಾಣಿ · ಶನಿವಾರ ರಾತ್ರಿ 10:15

ಅಕ್ಕಾ, ಓದಿ ಖುಷಿ ಆಯ್ತು. ನಾವೂ ಫೆಬ್ರವರಿಯಲ್ಲಿ ಹೋಗಬೇಕು ಅಂತಿದ್ದೇವೆ, ಅಪ್ಪ-ಅಮ್ಮ ಜೊತೆಗಿರುತ್ತಾರೆ. ಇಬ್ಬರೂ ಪೂರ್ತಿ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಅಲ್ಲಿ ಊಟಕ್ಕೆ ಕಷ್ಟ ಆಗುತ್ತಾ? ವೀಸಾ ಬಗ್ಗೆಯೂ ಒಂದು ಮಾತು ಹೇಳಿ.

ಲಾಳಿಮನೆ · ಭಾನುವಾರ ಬೆಳಿಗ್ಗೆ 7:50

ಕಷ್ಟ ಇಲ್ಲ, ಆದರೆ ಕೇಳಿ ತಿನ್ನಬೇಕು. ಕಣ್ಣಿಗೆ ಕಾಣದ ಜಾಗದಲ್ಲಿ ಹಂದಿ ಕೊಬ್ಬು ಇರುತ್ತದೆ. ಬೇಯಿಸಿದ ಕಪ್ಪು ಕಾಳಿನ ಮುದ್ದೆಯಲ್ಲಿ ಇರುತ್ತದೆ. ತ್ಲಾಯುದಾ ಅಂತ ತಟ್ಟೆಗಿಂತ ದೊಡ್ಡ ಗರಿಗರಿ ರೊಟ್ಟಿ ಇದೆ, ಅದಕ್ಕೆ ಕಾಳು ಹಚ್ಚುವ ಮೊದಲೇ ‘ಆಸಿಯೆಂತೊ’ ಅನ್ನುವ ಕೊಬ್ಬು ಸವರುತ್ತಾರೆ. ಮೂರು ಮಾತು ಕಲಿತುಕೊಳ್ಳಿ: ‘ಸಿನ್ ಕಾರ್ನೆ’ ಅಂದರೆ ಮಾಂಸ ಬೇಡ, ‘ಸಿನ್ ಮಾಂತೆಕಾ’ ಅಂದರೆ ಕೊಬ್ಬು ಬೇಡ, ‘ಸಿನ್ ಆಸಿಯೆಂತೊ’ ಅಂದರೆ ಆ ಸವರುವುದೂ ಬೇಡ. ಮೋಲೆ ಅನ್ನುವ ಗೊಜ್ಜುಗಳನ್ನು ಹೆಚ್ಚಾಗಿ ಕೋಳಿ ಬೇಯಿಸಿದ ನೀರಲ್ಲೇ ಮಾಡುತ್ತಾರೆ, ಅದನ್ನೂ ಕೇಳಿ. ನನಗೆ ಒಂದೇ ಒಂದು ಕಡೆ ಕೋಳಿ ನೀರಿಲ್ಲದ ಮೋಲೆ ಸಿಕ್ಕಿತು.

ನಿಮ್ಮ ಅಮ್ಮನಿಗೆ ಖಂಡಿತ ಇಷ್ಟ ಆಗುವುದು ಕುಂಬಳ ಹೂವು ತುಂಬಿದ ರೊಟ್ಟಿ. ಬಿಸಿ ಹೆಂಚಿನ ಮೇಲೆ ಮಡಿಸಿ ಸುಡುತ್ತಾರೆ. ಒಳಗೆ ಕೆಸಿಯೊ ಅನ್ನುವ ಚೀಸ್ ಇರುತ್ತದೆ, ನೂಲಿನ ಉಂಡೆ ಥರ ಸುತ್ತಿಟ್ಟಿರುತ್ತಾರೆ, ಎಳೆ ಎಳೆ ಬಿಡಿಸಿ ಹಾಕುತ್ತಾರೆ. ಇಂಥ ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ಹೆಪ್ಪು ಬಳಸುವುದುಂಟು. ಬಹಳ ಕಟ್ಟುನಿಟ್ಟು ಇರುವವರಾದರೆ ಚೀಸ್ ಬಿಟ್ಟುಬಿಡಿ.

ಸಿಹಿಗೆ ನಿಕುವಾತೊಲೆ. ಮೆಕ್ಕೆಜೋಳ ಅರೆದು ಸೋಸಿ ಸಕ್ಕರೆ ಹಾಕಿ ಕಾಯಿಸಿ, ತಣಿಸಿ ತುಂಡು ಮಾಡುತ್ತಾರೆ. ಸಾಕ್ಷಾತ್ ಹಾಲುಬಾಯಿ! ಮೇಲೆ ಕೆಂಪು ಪದರ ಇದ್ದರೆ ಕೇಳಿ, ಕೆಲವರು ಅದಕ್ಕೆ ಹುಳದ ಬಣ್ಣ ಹಾಕುತ್ತಾರೆ. ಆ ಹುಳದ ವಿಷಯ ಮುಂದೆ ಬರುತ್ತದೆ. ಕುಡಿಯಲು ಹುಣಸೆ ಪಾನಕ ಎಲ್ಲೆಲ್ಲೂ ಇದೆ. ಇನ್ನೊಂದು ಕಡುಗೆಂಪು ಪಾನಕ, ‘ಹಮಾಯ್ಕಾ’. ಅದು ನಮ್ಮ ಪುಂಡಿ ಗಿಡದ ಜಾತಿಯ ಹೂವಿನದು, ಹುಳಿಹುಳಿ.

ಭಾರತದ ಪಾಸ್‌ಪೋರ್ಟ್ ಇದ್ದರೂ ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದರೆ ಪ್ರವಾಸಕ್ಕೆ ಬೇರೆ ವೀಸಾ ಕೇಳುವುದಿಲ್ಲ. ನಾವು ಹಾಗೇ ಹೋದದ್ದು. ಹೊರಡುವ ಮುಂಚೆ ದೂತಾವಾಸದ ಪುಟ ಒಮ್ಮೆ ನೋಡಿಕೊಳ್ಳಿ, ಅಪ್ಪ-ಅಮ್ಮನ ವಿಷಯ ಅಲ್ವಾ.

ಒಗ್ಗರಣೆ ಡಬ್ಬಿ · ಭಾನುವಾರ ಬೆಳಿಗ್ಗೆ 9:05

ರೊಟ್ಟಿ ಬಗ್ಗೆ ನಾಲ್ಕು ಮಾತು ನಾನು ಸೇರಿಸುತ್ತೇನೆ. ನಾನು ಡಲ್ಲಾಸ್‌ನಲ್ಲಿ ಇಪ್ಪತ್ತು ವರ್ಷದಿಂದ ಮೆಕ್ಸಿಕನ್ ನೆರೆಯವರ ಜೊತೆ ಅಡುಗೆ ಹಂಚಿಕೊಂಡವಳು.

ಮೆಕ್ಕೆಜೋಳವನ್ನು ಅವರು ಹಾಗೇ ಬೀಸುವುದಿಲ್ಲ. ಸುಣ್ಣದ ನೀರಲ್ಲಿ ಬೇಯಿಸಿ ರಾತ್ರಿಯಿಡೀ ನೆನೆಹಾಕುತ್ತಾರೆ. ನಾವು ಎಲೆ ಅಡಿಕೆಗೆ ಹಚ್ಚುವುದೂ ಅದೇ ಸುಣ್ಣ. ಬೆಳಿಗ್ಗೆ ಕಾಳು ತೊಳೆದರೆ ಸಿಪ್ಪೆ ಜಾರಿ ಹೋಗುತ್ತದೆ. ಆಮೇಲೆ ಅರೆದರೆ ಹಿಟ್ಟು ಅಂಟು ಬರುತ್ತದೆ, ಬಿರಿಯದೆ ತೆಳ್ಳಗೆ ತಟ್ಟಬಹುದು. ಜೋಳದ ರೊಟ್ಟಿಗೆ ನಾವು ಕುದಿನೀರು ಹಾಕಿ ನಾದುತ್ತೇವಲ್ಲ, ಅವರಿಗೆ ಆ ಕೆಲಸ ಸುಣ್ಣ ಮಾಡುತ್ತದೆ.

ಬರೀ ಅಂಟಿಗಲ್ಲ. ಮೆಕ್ಕೆಜೋಳದಲ್ಲಿರುವ ಒಂದು ಬಿ ಜೀವಸತ್ವ ಸುಣ್ಣ ಹಾಕದೆ ಹೋದರೆ ನಮ್ಮ ಮೈಗೆ ದಕ್ಕುವುದಿಲ್ಲ. ಯುರೋಪಿನವರು ಕಾಳು ಒಯ್ದರು, ಸುಣ್ಣದ ವಿದ್ಯೆ ಒಯ್ಯಲಿಲ್ಲ. ಇಟಲಿಯಲ್ಲಿ ಬರೀ ಮೆಕ್ಕೆಜೋಳ ತಿಂದ ಬಡವರಿಗೆ ಪೆಲಾಗ್ರ ಅನ್ನುವ ಕಾಯಿಲೆ ಬಂದು ಚರ್ಮ ಸುಲಿಯಿತು, ಬುದ್ಧಿ ಕೆಟ್ಟಿತು, ಎಷ್ಟೋ ಜನ ಸತ್ತರು. ಮೆಕ್ಸಿಕೊದ ಹೆಂಗಸರಿಗೆ ಇದು ಸಾವಿರಾರು ವರ್ಷಗಳಿಂದ ಕೈಗೆ ಗೊತ್ತಿತ್ತು.

ಅವರ ಮಣ್ಣಿನ ಹೆಂಚಿಗೂ ಸುಣ್ಣದ ನೀರು ಬಳಿಯುತ್ತಾರೆ, ರೊಟ್ಟಿ ಹಿಡಿಯದಿರಲಿ ಅಂತ. ಲಾಳಿಮನೆಯವರೇ, ನೀವು ನೋಡಿದ್ರಾ?

ಲಾಳಿಮನೆ · ಭಾನುವಾರ ಬೆಳಿಗ್ಗೆ 9:30

ನೋಡಿದೆ! ಬೆಳ್ಳಗಿತ್ತು. ಯಾಕೆ ಅಂತ ಗೊತ್ತಿರಲಿಲ್ಲ, ಬೂದಿ ಇರಬೇಕು ಅಂದುಕೊಂಡಿದ್ದೆ. ಈಗ ಗೊತ್ತಾಯ್ತು, ಥ್ಯಾಂಕ್ಸ್ ಅಕ್ಕಾ.

ಕಪ್ಪು ಮೋಲೆ ಮಾಡುವುದನ್ನೂ ಅರ್ಧ ದಿನ ಕೂತು ನೋಡಿದೆವು. ಚಿಲ್ವಾಕ್ಲೆ ಅನ್ನುವ ಅಲ್ಲಿಯದೇ ಮೆಣಸಿನಕಾಯಿ, ಎಳ್ಳು, ಬಾದಾಮಿ, ದ್ರಾಕ್ಷಿ, ಲವಂಗ, ಚಕ್ಕೆ, ಬಾಳೆ, ಕೊನೆಗೆ ಚಾಕೊಲೇಟ್. ಒಂದೊಂದನ್ನೂ ಬೇರೆಬೇರೆ ಹುರಿಯುತ್ತಾರೆ. ಮೆಣಸಿನ ಬೀಜವನ್ನು ಮಾತ್ರ ಇದ್ದಿಲಾಗುವ ತನಕ ಸುಡುತ್ತಾರೆ. ಮನೆಯಲ್ಲಿ ಹಾಗೆ ಸುಟ್ಟರೆ ಅಮ್ಮ ಬೈಯುತ್ತಿದ್ದಳು. ಅಲ್ಲಿ ಆ ಸುಟ್ಟದ್ದರಿಂದಲೇ ಕಪ್ಪು ಬಣ್ಣ, ಅದರಿಂದಲೇ ಆಳದ ರುಚಿ. ಮೆಣಸಿನಕಾಯಿ ನಮಗೆ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ. ಅದರ ತವರುಮನೆಯಲ್ಲಿ ಅದಕ್ಕೆ ಎಷ್ಟು ಹೆಸರು, ಎಷ್ಟು ಬಣ್ಣ! ಬ್ಯಾಡಗಿ ಸಂತೆಯಲ್ಲಿ ನಿಂತ ಹಾಗೇ ಅನಿಸಿತು.

ಚಿಕ್ಕಪೇಟೆ ಗಿರಾಕಿ · ಭಾನುವಾರ ಮಧ್ಯಾಹ್ನ 12:20

ಊಟ ಆಯ್ತು, ಕೊಳ್ಳುವ ವಿಷಯಕ್ಕೆ ಬನ್ನಿ ಮೇಡಂ. ಅಲ್ಲಿ ಚೌಕಾಸಿ ನಡೆಯುತ್ತಾ? ಹೇಳಿದ ಬೆಲೆಯಲ್ಲಿ ಅರ್ಧಕ್ಕೆ ಕೇಳಬೇಕು ಅಂತ ನನ್ನ ಸ್ನೇಹಿತರು ಹೇಳಿದ್ದರು. ಪ್ರವಾಸಿಗರಿಗೆ ಜಾಸ್ತಿ ಹೇಳುತ್ತಾರೆ ಅನ್ನುವುದು ಎಲ್ಲ ಕಡೆಯೂ ಇದ್ದದ್ದೇ.

ಲಾಳಿಮನೆ · ಭಾನುವಾರ ಸಂಜೆ 6:10

ಸರ್, ಇದಕ್ಕೆ ಉದ್ದ ಉತ್ತರ ಕೊಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಗುಳೇದಗುಡ್ಡದವಳು. ನಮ್ಮ ಮನೆಯಲ್ಲಿ ಖಣ ನೇಯುತ್ತಿದ್ದರು. ಕುಣಿಮಗ್ಗದಲ್ಲಿ ಅಪ್ಪ ಕಾಲು ಇಳಿಬಿಟ್ಟು ಕೂತರೆ, ಅಮ್ಮ ಕಂಡಿಕೆ ಸುತ್ತುತ್ತಿದ್ದಳು. ವ್ಯಾಪಾರಿ ಬಂದು ಬಟ್ಟೆ ಎತ್ತಿ ಬೆಳಕಿಗೆ ಹಿಡಿದು, ಏನೋ ಒಂದು ಕೊರತೆ ಹೇಳಿ, ಬೆಲೆ ಇಳಿಸುತ್ತಿದ್ದ. ಅಪ್ಪ ಸುಮ್ನೆ ನೆಲ ನೋಡುತ್ತಿದ್ದರು. ಆ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ವಹಾಕದಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ ತೆಯೊತಿತ್ಲಾನ್ ದೆಲ್ ವಾಯೆ ಅನ್ನುವ ಊರಿದೆ. ಅಲ್ಲಿಯ ಮೂಲನಿವಾಸಿಗಳಾದ ಜಪೊತೆಕ್ ಜನರ ಊರು. ಮನೆಮನೆಯಲ್ಲೂ ಉಣ್ಣೆ ಜಮಖಾನೆ ನೇಯುತ್ತಾರೆ. ಹಿಂದೆ ಸೊಂಟಕ್ಕೆ ಕಟ್ಟಿಕೊಳ್ಳುವ ಮಗ್ಗದಲ್ಲಿ ಹತ್ತಿ ನೇಯುತ್ತಿದ್ದರಂತೆ, ಕುರಿ ಮತ್ತು ಕಾಲುಮಣೆ ಮಗ್ಗ ಸ್ಪೇನಿನವರ ಜೊತೆ ಬಂದದ್ದು. ಇಲ್ಲಿ ನೇಕಾರ ನಿಂತು ನೇಯುತ್ತಾನೆ. ಗಲ್ಲಿಗೆ ಕಾಲಿಟ್ಟ ಕೂಡಲೇ ಮಗ್ಗದ ಸದ್ದು ಕೇಳಿಸಿತು. ನಾನು ನಮ್ಮನೆಯವರ ಕೈ ಹಿಡಿದುಕೊಂಡೆ. ಅವರಿಗೂ ಅರ್ಥವಾಯಿತು, ಏನೂ ಮಾತಾಡಲಿಲ್ಲ.

ಆ ಮನೆಯ ಹೆಂಗಸು ನಮಗೆ ಬಣ್ಣ ತೋರಿಸಿದರು. ಪಾಪಾಸುಕಳ್ಳಿಯ ಎಲೆ ಮೇಲೆ ಬಿಳಿ ಬೂಷ್ಟು ಹಿಡಿದ ಹಾಗೆ ಕಾಣುತ್ತದೆ. ಅದು ಹುಳ, ಕೊಚಿನಿಯಾ. ಒಣಗಿದ ಹುಳ ಬೂದಿ ಬಣ್ಣದ ಸಣ್ಣ ಕಾಳಿನ ಹಾಗಿರುತ್ತದೆ. ನಾಲ್ಕೈದು ಕಾಳು ನನ್ನ ಅಂಗೈ ಮೇಲೆ ಹಾಕಿ ಬೆರಳಲ್ಲಿ ಒತ್ತಿದರು. ರಕ್ತದಂಥ ಕೆಂಪು. ಅದರ ಮೇಲೆ ನಿಂಬೆ ಹಿಂಡಿದರು, ಕಿತ್ತಳೆಗೆಂಪು ಆಯ್ತು. ಆಮೇಲೆ ಒಂದು ಚಿಟಿಕೆ ಸುಣ್ಣ, ನೋಡನೋಡುತ್ತಲೇ ನೇರಳೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿ ನೀರು ಮಾಡುವುದನ್ನು ನೋಡಿ ಬೆಳೆದವಳು ನಾನು. ಆ ಹೆಂಗಸಿಗೆ ಫೋನಿನಲ್ಲಿ ಅರಿಶಿನದ ಚಿತ್ರ ತೋರಿಸಿ ಹೇಗೋ ತಿಳಿಸಿದೆ. ಅವರು ನಕ್ಕು ನನ್ನ ಕೈ ತಟ್ಟಿದರು. ಎರಡು ದಿನ ನನ್ನ ಅಂಗೈಯಲ್ಲಿ ಆ ನೇರಳೆ ಕಲೆ ಹಾಗೇ ಇತ್ತು.

ಒಂದು ಪೌಂಡ್ ಬಣ್ಣಕ್ಕೆ ಸುಮಾರು 70 ಸಾವಿರ ಹುಳ ಬೇಕಂತೆ. ಸ್ಪೇನಿನವರ ಕಾಲದಲ್ಲಿ ಮೆಕ್ಸಿಕೊದಿಂದ ಹೊರಹೋಗುತ್ತಿದ್ದ ಸರಕಿನಲ್ಲಿ ಬೆಳ್ಳಿ ಬಿಟ್ಟರೆ ಬೆಲೆಬಾಳುತ್ತಿದ್ದದ್ದು ಇದೇ. ನೀಲಿಗೆ ನೀಲಿ ಗಿಡ, ಹಳದಿಗೆ ಒಂದು ಕಾಡು ಚೆಂಡುಹೂ, ಎರಡೂ ಅದ್ದಿದರೆ ಹಸಿರು. ಬಣ್ಣ ನಿಲ್ಲಲು ಪಟಿಕ.

ಈಗ ಬೆಲೆ. ನಮಗೆ ಇಷ್ಟವಾದ ಜಮಖಾನೆ 80 ಸೆಂಟಿಮೀಟರ್ ಅಗಲ, ಒಂದೂವರೆ ಮೀಟರ್ ಉದ್ದ. 4,200 ಪೆಸೊ ಹೇಳಿದರು, ಆಗಿನ ಲೆಕ್ಕಕ್ಕೆ ಸುಮಾರು 230 ಡಾಲರ್. ನಮ್ಮನೆಯವರು ಅಭ್ಯಾಸದಂತೆ ‘ಸ್ವಲ್ಪ ಕೇಳಲಾ?’ ಅಂದರು. ನಾನು ಬೇಡ ಅಂದೆ. ನೇಯಲು ಎಷ್ಟು ದಿನ ಹಿಡಿಯಿತು ಅಂತ ಕೇಳಿದೆ. ಮೂರೂವರೆ ವಾರ. ಉಣ್ಣೆ ತೊಳೆದು, ನೂತು, ಬಣ್ಣ ಹಾಕಿದ ದಿನ ಬೇರೆ. ದಿನಗೂಲಿ ಲೆಕ್ಕ ಹಾಕಿ ನೋಡಿ ಸರ್. ಅರ್ಧಕ್ಕೆ ಹೇಗೆ ಕೇಳೋದು?

ಚಿಕ್ಕಪೇಟೆ ಗಿರಾಕಿ · ಭಾನುವಾರ ರಾತ್ರಿ 8:00

ಮೇಡಂ, ನಿಮ್ಮ ಮಾತು ಒಪ್ಪಿದೆ. ನೇಯುವವರ ಮನೆಯಲ್ಲಿ ಕೇಳುವುದಿಲ್ಲ. ಆದರೆ ಊರಿನ ಅಂಗಡಿಯಲ್ಲಿ, ಮಧ್ಯವರ್ತಿ ಇರುವ ಕಡೆ ಏನು ಮಾಡೋದು? ನಿಜವಾದ ಉಣ್ಣೆ, ನಿಜವಾದ ಬಣ್ಣ ಅಂತ ಗೊತ್ತಾಗುವುದು ಹೇಗೆ?

ಲಾಳಿಮನೆ · ಭಾನುವಾರ ರಾತ್ರಿ 8:45

ಒಳ್ಳೇ ಪ್ರಶ್ನೆ. ಅಂಚಿನಿಂದ ಒಂದು ಎಳೆ ಕೇಳಿ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಹಿಸುಕಿದರೆ ಪುಡಿ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಗುಳ್ಳೆ ಆಗುತ್ತದೆ. ಕೈಯಲ್ಲಿ ಬಣ್ಣ ಹಾಕಿದ ನೂಲು ಉದ್ದಕ್ಕೂ ಒಂದೇ ಸಮ ಇರುವುದಿಲ್ಲ, ಒಂದು ಅದ್ದಿಗೂ ಇನ್ನೊಂದು ಅದ್ದಿಗೂ ಸ್ವಲ್ಪ ವ್ಯತ್ಯಾಸ ಕಾಣುತ್ತದೆ. ಅದು ಕೊರತೆ ಅಲ್ಲ. ಇನ್ನು, ರಾಸಾಯನಿಕ ಬಣ್ಣದ ಜಮಖಾನೆಯನ್ನೂ ಅಲ್ಲಿಯವರೇ ನೇಯುತ್ತಾರೆ, ಕಡಿಮೆ ಬೆಲೆಗೆ. ಅದು ಬೇಕಿದ್ದರೆ ಅದನ್ನೇ ಕೊಳ್ಳಿ, ಅದರಲ್ಲೂ ಅದೇ ಕೈಕೆಲಸ ಇದೆ.

ಬೀದರ್ ಬಂಧು · ಸೋಮವಾರ ಬೆಳಿಗ್ಗೆ 6:30

ನಾವು ಎರಡು ವರ್ಷದ ಹಿಂದೆ ಹೋಗಿದ್ದೆವು. ಸಾನ್ ಬಾರ್ತೊಲೊ ಕೊಯೊತೆಪೆಕ್ ಊರಿನ ಕಪ್ಪು ಮಣ್ಣಿನ ಪಾತ್ರೆಗೆ ಮರುಳಾದೆ, ಬಿದ್ರಿ ನೋಡಿ ಬೆಳೆದವನಲ್ವಾ. ಹೊಳೆಯುವ ಒಂದು ಹೂಜಿ ತಂದೆ. ಮನೆಗೆ ಬಂದು ನೀರು ತುಂಬಿ ಹೂ ಇಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಮೇಜಿನ ಮೇಲೆಲ್ಲ ನೀರು, ಮರದ ಪಾಲಿಶ್ ಎದ್ದುಹೋಗಿತ್ತು. ಹೂಜಿ ಎಲ್ಲೂ ಒಡೆದಿರಲಿಲ್ಲ. ಮೋಸ ಹೋದೆನಾ ಅಂತ ಬಹಳ ದಿನ ಕೊರಗಿದೆ. ಯಾರಿಗಾದರೂ ಕಾರಣ ಗೊತ್ತಾ?

ಮಣ್ಣಿನ ಚಕ್ರ · ಸೋಮವಾರ ಬೆಳಿಗ್ಗೆ 8:10

ಮೋಸ ಅಲ್ಲ ಸರ್. ನಾನು ಕುಂಬಾರಿಕೆ ಕಲಿಯುತ್ತಿರುವವನು, ತಿಳಿದಷ್ಟು ಹೇಳುತ್ತೇನೆ.

ಆ ಊರಿನಲ್ಲಿ ಹಿಂದಿನಿಂದಲೂ ಮಾಡುತ್ತಿದ್ದದ್ದು ಹೊಳಪಿಲ್ಲದ ಬೂದುಬಣ್ಣದ ಹೂಜಿ. ಅದರಲ್ಲಿ ನೀರು, ಮೆಸ್ಕಲ್ ಹೆಂಡ ತುಂಬುತ್ತಿದ್ದರು, ಸೋರುತ್ತಿರಲಿಲ್ಲ. 1950ರ ದಶಕದಲ್ಲಿ ದೋನ್ಯಾ ರೋಸಾ ಅನ್ನುವ ಕುಂಬಾರ ಹೆಂಗಸು ಒಂದು ಹೊಸ ದಾರಿ ಕಂಡುಕೊಂಡರು. ಮಣ್ಣು ಪೂರ್ತಿ ಒಣಗುವ ಮುಂಚೆ ಬೆಣಚುಕಲ್ಲಿನಿಂದ ಉಜ್ಜಿ, ಸ್ವಲ್ಪ ಕಡಿಮೆ ಉರಿಯಲ್ಲಿ ಸುಟ್ಟರೆ ಕನ್ನಡಿಯಂಥ ಕಪ್ಪು ಬರುತ್ತದೆ. ಆವಿಗೆಯ ಬಾಯಿ ಮುಚ್ಚಿ ಗಾಳಿ ಆಡದಂತೆ ಮಾಡುತ್ತಾರೆ, ಕಪ್ಪು ಬರುವುದು ಅದರಿಂದ. ಉರಿ ಕಡಿಮೆಯಾದ್ದರಿಂದ ಮಣ್ಣಿನ ಸಣ್ಣ ತೂತುಗಳು ಮುಚ್ಚುವುದಿಲ್ಲ, ನೀರು ಒಸರುತ್ತದೆ. ಉರಿ ಜಾಸ್ತಿ ಮಾಡಿದರೆ ಹೊಳಪು ಹೋಗುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ನಿಮ್ಮ ಹೂಜಿಯೊಳಗೆ ಗಾಜಿನ ಲೋಟ ಇಟ್ಟು, ಅದರಲ್ಲಿ ನೀರು ಹಾಕಿ ಹೂ ಇಡಿ.

ಒಂದು ಎಚ್ಚರಿಕೆ ಎಲ್ಲರಿಗೂ. ವಹಾಕದ ಪಕ್ಕದ ಅತ್ಸೊಂಪಾ ಊರಿನ ಹಸಿರು ಗಾಜುಬಣ್ಣದ ಮಡಕೆ ಬಹಳ ಚೆನ್ನಾಗಿರುತ್ತವೆ. ಆದರೆ ಹಳೇ ಪದ್ಧತಿಯ ಆ ಹೊಳಪಿನಲ್ಲಿ ಸೀಸ ಇರುತ್ತದೆ. ಹುಣಸೆ ಹುಳಿ, ನಿಂಬೆ, ಟೊಮೆಟೊ ಹಾಕಿ ಕುದಿಸಿದರೆ ಸೀಸ ಊಟಕ್ಕೆ ಇಳಿಯುತ್ತದೆ, ಮಕ್ಕಳಿಗೆ ತುಂಬಾ ಅಪಾಯ. ನಮ್ಮ ಸಾರು ಹುಳಿಯೆಲ್ಲ ಹುಳಿಯೇ ಅಲ್ವಾ. ‘ಸಿನ್ ಪ್ಲೋಮೊ’ ಅಂದರೆ ಸೀಸ ಇಲ್ಲದ್ದು. ಅದನ್ನು ಮಾಡುವ ಕುಂಬಾರರೂ ಈಗ ಅಲ್ಲಿದ್ದಾರೆ, ಕೇಳಿ ತೆಗೆದುಕೊಳ್ಳಿ. ಗೊತ್ತಾಗದಿದ್ದರೆ ಅಲಂಕಾರಕ್ಕೆ ಮಾತ್ರ ಇಡಿ.

ಬೀದರ್ ಬಂಧು · ಸೋಮವಾರ ಬೆಳಿಗ್ಗೆ 8:40

ಇವತ್ತು ಮನಸ್ಸು ಹಗುರ ಆಯ್ತು. ಅಟ್ಟದಿಂದ ಹೂಜಿ ಇಳಿಸುತ್ತೇನೆ.

ತುಂಗಾತೀರ · ಸೋಮವಾರ ಸಂಜೆ 7:25

ಗೆಲಗೆತ್ಸಾ ಹಬ್ಬಕ್ಕೆ ಹೋದವರು ಯಾರಾದರೂ ಇದ್ದೀರಾ? ಜುಲೈ 16ರ ನಂತರದ ಎರಡು ಸೋಮವಾರ ನಡೆಯುತ್ತದೆ. ಬೇರೆಬೇರೆ ಪ್ರದೇಶದವರು ಬಂದು ಕುಣಿದು, ಕೊನೆಗೆ ತಮ್ಮ ಊರಿನ ಹಣ್ಣು, ರೊಟ್ಟಿ ಜನರತ್ತ ಎಸೆಯುತ್ತಾರೆ. ಅಲ್ಲಿ ಒಬ್ಬರು ಆ ಪದದ ಅರ್ಥ ಬಿಡಿಸಿ ಹೇಳಿದರು. ಮನೆಯಲ್ಲಿ ಮದುವೆ ಇದ್ದರೆ ಊರವರು ಕೋಳಿ, ಕೋಕೊ, ರೊಟ್ಟಿ, ದುಡಿಮೆ ತಂದು ಕೊಡುತ್ತಾರೆ. ಯಾರು ಎಷ್ಟು ಕೊಟ್ಟರು ಅಂತ ಪುಸ್ತಕದಲ್ಲಿ ಬರೆದಿಡುತ್ತಾರೆ. ಅವರ ಮನೆಯಲ್ಲಿ ಕಾರ್ಯ ಬಂದಾಗ ಅಷ್ಟನ್ನೂ ತಿರುಗಿ ಕೊಡಬೇಕು.

ನನಗೆ ಬೇರೆ ವಿವರಣೆ ಬೇಕಾಗಲಿಲ್ಲ. ಇದು ಮುಯ್ಯಿ! ನಮ್ಮ ಅಜ್ಜಿಯ ಟ್ರಂಕಿನಲ್ಲಿ ಅಕ್ಕನ ಮದುವೆಯ ಮುಯ್ಯಿ ಪುಸ್ತಕ ಇನ್ನೂ ಇದೆ. ಗದ್ದೆ ನಾಟಿಗೆ ಮುಯ್ಯಾಳು ಹೋಗುವುದೂ ಇದೇ ಅಲ್ವಾ.

ಲಾಳಿಮನೆ · ಸೋಮವಾರ ರಾತ್ರಿ 9:15

ಮೈ ಜುಮ್ ಅಂದಿತು ಓದಿ. ತೆಯೊತಿತ್ಲಾನ್‌ನ ಆ ಮನೆಯಲ್ಲಿ ದೇವರ ಗೂಡಿನ ಹತ್ತಿರ ಹಳೇ ನೋಟ್‌ಬುಕ್ ಇತ್ತು. ಆ ಹೆಂಗಸು ಅದನ್ನು ತಟ್ಟಿ ‘ಗೆಲಗೆತ್ಸಾ’ ಅಂದಿದ್ದರು. ಹಬ್ಬದ ಹಾಡು ಬರೆದಿಟ್ಟಿದ್ದಾರೆ ಅಂದುಕೊಂಡು ತಲೆ ಆಡಿಸಿದ್ದೆ.

ಶಿರಸಿ ಮಾಣಿ · ಮಂಗಳವಾರ ಬೆಳಿಗ್ಗೆ 7:00

ಅಕ್ಕಾ, ಓಡಾಟಕ್ಕೆ ಏನು ಮಾಡಿದಿರಿ? ಯಾವ ದಿನ ಎಲ್ಲಿಗೆ ಅಂತ ಸ್ವಲ್ಪ ಹೇಳಿ.

ಲಾಳಿಮನೆ · ಮಂಗಳವಾರ ಸಂಜೆ 5:40

ಸಂತೆ ನೋಡಿಕೊಂಡು ದಿನ ಹಾಕಿ. ಬುಧವಾರ ಎತ್ಲಾ, ಗುರುವಾರ ಸಾಚಿಲಾ, ಶುಕ್ರವಾರ ಒಕೊತ್ಲಾನ್, ಭಾನುವಾರ ತ್ಲಾಕೊಲುಲಾ. ಭಾನುವಾರದ್ದು ದೊಡ್ಡದು, ಅದನ್ನು ಬಿಡಬೇಡಿ. ಆ ದಾರಿಯಲ್ಲೇ ತೂಲೆ ಊರಿನ ಮರ ಸಿಗುತ್ತದೆ, ಬುಡದ ಸುತ್ತಳತೆ ಸುಮಾರು 42 ಮೀಟರ್. ಅದೇ ದಾರಿಯಲ್ಲಿ ಮುಂದೆ ತೆಯೊತಿತ್ಲಾನ್. ಹಿರಿಯರು ಜೊತೆಗಿದ್ದರೆ ಒಂದು ದಿನಕ್ಕೆ ಕಾರು ಗೊತ್ತುಮಾಡಿ. ನಾವಿಬ್ಬರೂ ಹಂಚಿಕೊಂಡು ಹೋಗುವ ಟ್ಯಾಕ್ಸಿಯಲ್ಲಿ ಹೋದೆವು.

ಊರೊಳಗೆ ಸಾಂತೊ ದೊಮಿಂಗೊ ಚರ್ಚಿನ ಹಿಂದೆ ಗಿಡಗಳ ತೋಟವಿದೆ. ಕಳ್ಳಿ ಸಾಲು ನೋಡಲೇಬೇಕು. ಆ ಜಾಗ ಹೋಟೆಲ್ ಪಾಲಾಗದಂತೆ ಹೋರಾಡಿದವರಲ್ಲಿ ಕಲಾವಿದ ಫ್ರಾನ್ಸಿಸ್ಕೊ ತೊಲೆದೊ ಮುಂದಿದ್ದರು. 2002ರಲ್ಲಿ ಊರಿನ ಚೌಕದಲ್ಲಿ ಹೊರಗಿನ ಬರ್ಗರ್ ಅಂಗಡಿ ಬರುತ್ತದೆ ಅಂದಾಗಲೂ ಅವರೇ ಜನರಿಗೆ ಬಿಸಿ ತಮಾಲೆ (ಮೆಕ್ಕೆಜೋಳದ ಹಿಟ್ಟಿನ ಕಡುಬಿನಂಥದ್ದು) ಹಂಚಿ ವಿರೋಧಿಸಿದರು. ಅಂಗಡಿ ಬರಲಿಲ್ಲ. 2019ರಲ್ಲಿ ತೀರಿಕೊಂಡರು.

ರಾತ್ರಿ ಸೊಲೆದಾದ್ ಚರ್ಚಿನ ಪಕ್ಕದ ಐಸ್‌ಕ್ರೀಮ್ ಅಂಗಡಿಗಳಿಗೆ ಹೋಗಿ. ಸೀದ ಹಾಲಿನ ಐಸ್, ಜೊತೆಗೆ ಪಾಪಾಸುಕಳ್ಳಿ ಹಣ್ಣಿನದು. ಕೊನೆಯ ರಾತ್ರಿ ನಾವಿಬ್ಬರೂ ಅಲ್ಲಿ ಬೆಂಚಿನ ಮೇಲೆ ಒಂದೇ ಬಟ್ಟಲಲ್ಲಿ ತಿಂದೆವು. ಮದುವೆಯಾದ ಹೊಸದರಲ್ಲಿ ಹುಬ್ಬಳ್ಳಿಯಲ್ಲಿ ಹಾಗೆ ತಿನ್ನುತ್ತಿದ್ದೆವು.

ಒಗ್ಗರಣೆ ಡಬ್ಬಿ · ಮಂಗಳವಾರ ರಾತ್ರಿ 8:20

ಆ ಜಮಖಾನೆ ಎಲ್ಲಿ ಹಾಸಿದಿರಿ? ಊರಲ್ಲಿ ಅಮ್ಮನಿಗೆ ತೋರಿಸಿದಿರಾ?

ಲಾಳಿಮನೆ · ಮಂಗಳವಾರ ರಾತ್ರಿ 10:05

ಹಾಸಲು ಮನಸ್ಸು ಬರಲಿಲ್ಲ, ಗೋಡೆಗೆ ತೂಗುಹಾಕಿದ್ದೇವೆ. ಅಮ್ಮನಿಗೆ ವಿಡಿಯೊ ಕರೆಯಲ್ಲಿ ತೋರಿಸಿದೆ. ಕೆಂಪು, ನೇರಳೆ, ಹುಳದ ಕಥೆ ಎಲ್ಲ ಹೇಳಿದೆ. ಅವಳು ಅದೊಂದೂ ಕಿವಿಗೆ ಹಾಕಿಕೊಳ್ಳಲಿಲ್ಲ. ‘ತಿರುವಿ ಹಿಡಿ’ ಅಂದಳು. ಹಿಂಬದಿ ತೋರಿಸಿದೆ. ಫೋನು ಹತ್ತಿರ ತರಲು ಹೇಳಿ ಅಂಚಿನ ಉದ್ದಕ್ಕೂ ನೋಡಿದಳು, ಮೇಲಿಂದ ಕೆಳಗಿನ ತನಕ. ಅಪ್ಪನನ್ನೂ ಕರೆದು ತೋರಿಸಿದಳು. ಆಮೇಲೆ ಹೇಳಿದಳು: ‘ಅಂಚು ಎಲ್ಲೂ ಒಳಗ ಹೋಗಿಲ್ಲ ನೋಡು. ಕೈ ಚಲೋ ಐತಿ.’